ಈರಮ್ಮನನ್ನು ಕರೆತರಲು ಆದವಾನಿಗೆ

ಗುಂತಕಲ್ಲಿನಲ್ಲಿ ಬಹಳ ಹೊತ್ತು ನಿಂತಿದ್ದ ರೈಲು ಆದವಾನಿ ತಲುಪುವಾಗ ಬೆಳಕು ಹರಿಯುತ್ತಿತ್ತು. ಡಿಸೆಂಬರಿನ ಕೊನೆ. ಪ್ಲಾಟ್‌ಫಾರ್ಮಿನ ಮೇಲೆ ತೆಳ್ಳಗೆ ಮಂಜು ಹರಡಿತ್ತು. ಅದರಾಚೆ ಊರಿನ ಬಂಡೆಗುಡ್ಡಗಳು ಬುಡವೇ ಇಲ್ಲದೆ ತೇಲುತ್ತಿರುವಂತೆ ಕಂಡವು. ನನ್ನ ಹೆಂಡತಿ ಕ್ಲೇರ್ ಚೀಲಗಳನ್ನು ನೆಲಕ್ಕಿಟ್ಟು ಆ ಗುಡ್ಡಗಳನ್ನೇ ನೋಡುತ್ತ ನಿಂತಳು. “ದಿನಾ ಎದ್ದ ಕೂಡಲೇ ಅವಳಿಗೆ ಕಾಣುವುದು ಇವೇ ಇರಬೇಕು,” ಎಂದಳು.

ಅವಳೆಂದರೆ ಈರಮ್ಮ, ಹತ್ತು ವರ್ಷದ ಹುಡುಗಿ. ಅವಳನ್ನು ಮಗಳಾಗಿ ಪಡೆದು ಕರೆದೊಯ್ಯಲು ನಾವು ಐರ್ಲೆಂಡಿನ ಪಶ್ಚಿಮ ಕಡಲತೀರದ ಒಂದು ಸಣ್ಣ ಊರಿನಿಂದ ಬಂದಿದ್ದೆವು. ನಾನು ಹುಟ್ಟಿದ್ದು ಗದಗಿನಲ್ಲಿ, ಈಗ ಐರ್ಲೆಂಡಿನ ಆ ಊರಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಕ್ಲೇರ್ ಶಾಲೆಯ ಬಸ್ಸು ಓಡಿಸುತ್ತಾಳೆ. ದಿನವೂ ಊರ ಮಕ್ಕಳನ್ನೆಲ್ಲ ಅವರವರ ಮನೆಯ ಮುಂದೆ ಇಳಿಸಿ ಖಾಲಿ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದಳು. ದತ್ತು ಕೇಳಿ ವರ್ಷಗಳೇ ಕಾದಿದ್ದೆವು. ದೊಡ್ಡ ಮಗುವಾದರೂ ಸರಿ ಎಂದು ಮೊದಲು ಹೇಳಿದವಳು ಅವಳೇ. ಆದವಾನಿಯ ಮಕ್ಕಳ ಮನೆಯೊಂದರಲ್ಲಿ ಕನ್ನಡ ಮಾತಾಡುವ ಹುಡುಗಿ ಇದ್ದಾಳೆಂದು ತಿಳಿದ ದಿನ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆ ಹಿಡಿದುಕೊಂಡು ನಿಂತುಬಿಟ್ಟಿದ್ದೆ. ಆಮೇಲೆ ಕೆಲವು ತಿಂಗಳು ವಿಡಿಯೋದಲ್ಲಿ ಮಾತುಕತೆಯಾಗಿತ್ತು. ಅಡುಗೆಮನೆ, ಅವಳಿಗೆಂದು ಬಣ್ಣ ಬಳಿದ ಕೋಣೆ, ಕಿಟಕಿಯಾಚೆಯ ಸಮುದ್ರ ಎಲ್ಲ ತೋರಿಸಿದ್ದೆವು. ಅವಳು ನೋಡಿ, “ನೀರು ಭಾಳ ಐತಿ,” ಎಂದಷ್ಟೇ ಹೇಳಿದ್ದಳು.

ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿಗೆ ಆಟೋದವನು ನೂರು ರೂಪಾಯಿ ತೆಗೆದುಕೊಂಡ. ಸ್ನಾನ ಮಾಡಿ ಎದುರಿನ ಹೋಟೆಲಿನಲ್ಲಿ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ ಉಗ್ಗಾಣಿ ನಮ್ಮ ಕಡೆಯ ಸೂಸಲವೇ. ಖಾರ ಒಂದು ಕೈ ಹೆಚ್ಚು. ಕ್ಲೇರಳ ಕಣ್ಣಲ್ಲಿ ನೀರು ಬಂತು. ಹೋಟೆಲಿನವನು ಅದನ್ನು ನೋಡಿ ಒಂದು ಬಟ್ಟಲು ಮೊಸರು ತಂದಿಟ್ಟು ಹೋದ.

ಮಕ್ಕಳ ಮನೆ ಊರಿನ ಅಂಚಿನಲ್ಲಿತ್ತು. ಅಲ್ಲಿಯ ಮೇಲ್ವಿಚಾರಕಿ ಸರೋಜಾ ಮೇಡಂ ಅಂಗಳದಲ್ಲೇ ಕುರ್ಚಿ ಹಾಕಿಸಿದರು. ಒಳಗಿನಿಂದ ಈರಮ್ಮ ಬಂದಳು. ವಿಡಿಯೋದಲ್ಲಿ ಕಂಡದ್ದಕ್ಕಿಂತ ಎತ್ತರವಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ನೇರ ಕ್ಲೇರಳ ಮುಂದೆ ಬಂದು ನಿಂತು, “ನಮಸ್ತೆ ಅಮ್ಮಾ,” ಎಂದಳು. ಕ್ಲೇರ್ ಕಲಿತಿದ್ದ ಕೆಲವೇ ಕನ್ನಡ ಶಬ್ದಗಳಲ್ಲಿ ‘ಅಮ್ಮ’ ಒಂದು. ಅವಳ ಮುಖ ಅರಳಿ, ಕೆಂಪಾಗಿ, ಮತ್ತೆ ಕಣ್ಣು ತುಂಬಿದವು. ಈ ಸಲ ಕಾರಣ ಮೆಣಸಿನಕಾಯಿ ಆಗಿರಲಿಲ್ಲ.

ಅಷ್ಟರಲ್ಲಿ ಅಡುಗೆಯಾಕೆ ಹಾದುಹೋದಳು. “ಅಮ್ಮಾ, ಇವರಿಗೆ ಚಾ,” ಎಂದಳು ಈರಮ್ಮ. ಕಸ ಗುಡಿಸುತ್ತಿದ್ದವಳಿಗೂ ಅಮ್ಮಾ, ಸರೋಜಾ ಮೇಡಂಗೂ ಅಮ್ಮಾ. ಆ ಮನೆಯಲ್ಲಿ ಸೀರೆ ಉಟ್ಟವರೆಲ್ಲ ಅಮ್ಮಂದಿರೇ. ಅದನ್ನು ಗಮನಿಸಿದವನು ನಾನೊಬ್ಬನೇ. ಆ ದಿನ ಕ್ಲೇರಳಿಗೆ ಹೇಳುವ ಮನಸ್ಸಾಗಲಿಲ್ಲ.

ಸರೋಜಾ ಮೇಡಂ ಮುಂದಿನದನ್ನು ವಿವರಿಸಿದರು. “ಬರೋ ವಾರ ಕರ್ನೂಲಿಗೆ ಹೋಗಾದೈತಿ ಸಾರ್. ಕಲೆಕ್ಟರ್ ಆಫೀಸಿನ್ಯಾಗ ಹುಡುಗಿನ್ನ ಕೇಳ್ತಾರ. ಆಕಿ ಒಲ್ಲೆ ಅಂದ್ರ ಒಲ್ಲೆ. ಬಲವಂತ ಮಾಡಂಗಿಲ್ಲ. ಅಲ್ಲಿತನಕ ಹಗಲೆಲ್ಲ ನಿಮ್ಮ ಕೂಡ ತಿರಗಾಡ್ಲಿ, ಅಲವಾಟು ಆಗ್ಲಿ.” ಅಲವಾಟು ಎಂದರೆ ರೂಢಿ, ತೆಲುಗಿನ ಮಾತು. ಆಕೆಯ ಒಂದು ವಾಕ್ಯದಲ್ಲಿ ಎರಡು ಭಾಷೆಗಳೂ ಜಗಳವಿಲ್ಲದೆ ಕೂತಿರುತ್ತಿದ್ದವು.

ಹೀಗೆ ನಾವು ಅಲವಾಟಾಗಲು ಹೊರಟೆವು. ಬೆಳಿಗ್ಗೆ ಹೋಗಿ ಅವಳನ್ನು ಕರೆದುಕೊಳ್ಳುವುದು, ಜೊತೆಗೆ ಒಬ್ಬ ಆಯಾ, ಸಂಜೆ ಮರಳಿ ಬಿಡುವುದು. ಹತ್ತಿಯ ಕಾಲ ಅದು. ಮಾರುಕಟ್ಟೆಯ ಕಡೆ ಹೋಗುವ ರಸ್ತೆಯ ತುಂಬ ಹತ್ತಿ ತುಂಬಿದ ಟ್ರ್ಯಾಕ್ಟರುಗಳು, ಉಬ್ಬಿದ ಬೋರೆಚೀಲಗಳ ಮೇಲೆ ಮಲಗಿ ನಿದ್ದೆ ಮಾಡುತ್ತ ಬರುವ ರೈತರು. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಕಾರ್ಖಾನೆಗಳ ಸದ್ದು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಅರಳೆಯ ಎಳೆಗಳು ಗಾಳಿಯಲ್ಲಿ ಬಂದು ವಿದ್ಯುತ್ ತಂತಿಗೆ, ಬೇವಿನ ಎಲೆಗೆ, ಚಹಾ ಅಂಗಡಿಯವನ ಹುಬ್ಬಿಗೆ ಕೂರುತ್ತಿದ್ದವು. ಬಿಸಿಲೇರಿದಂತೆ ಇಡೀ ಬೀದಿ ಬಿಳಿಯ ತೆಳುಪರದೆಯ ಹಿಂದೆ ನಿಧಾನವಾಗಿ ಚಲಿಸುತ್ತಿರುವಂತೆ ತೋರುತ್ತಿತ್ತು. ಅದರೊಳಗೆ ನಾನೂ ಈರಮ್ಮನೂ ಮುಂದೆ, ಕ್ಲೇರ್ ಹಿಂದೆ.

ಅವಳು ನನ್ನ ಜೊತೆ ಎಡೆಬಿಡದೆ ಮಾತಾಡುತ್ತಿದ್ದಳು. ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. “ಏ, ಇಲ್ನೋಡು,” ಎನ್ನುತ್ತಿದ್ದಳು. ತನ್ನ ತಾತನನ್ನೂ ಹೀಗೇ ಮಾತಾಡಿಸುತ್ತಿದ್ದಳಂತೆ. ತಾಯಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ತಂದೆಯ ಗುರುತಿಲ್ಲ. ಗೋನೆಗಂಡ್ಲದ ಹತ್ತಿರದ ಒಂದು ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ ತಾತನೇ ಸಾಕಿದ್ದ. ಅವನು ಸತ್ತ ಮೇಲೆ ಇಲ್ಲಿಗೆ ಬಂದಿದ್ದಳು. ತಾತ ಹಾಗಂದಿದ್ದ, ತಾತ ಹೀಗೆ ಮಾಡುತ್ತಿದ್ದ, ತಾತನ ಕಂಬಳಿಯಲ್ಲಿ ಮಳೆ ಬಂದರೂ ಚಳಿಯಾಗುತ್ತಿರಲಿಲ್ಲ. ನಾನು ಕೇಳುತ್ತ, ಅರ್ಧರ್ಧ ಇಂಗ್ಲಿಷಿಗೆ ತಿರುಗಿಸಿ ಹಿಂದೆ ಬರುವವಳಿಗೆ ದಾಟಿಸುತ್ತಿದ್ದೆ. ಕ್ಲೇರ್ ಏನಾದರೂ ಕೇಳಿದರೆ ಈರಮ್ಮ ನನ್ನ ಮುಖ ನೋಡಿ ಉತ್ತರ ಕೊಡುತ್ತಿದ್ದಳು.

ಮೂರನೆಯದೋ ನಾಲ್ಕನೆಯದೋ ದಿನ ಕೋಟೆಗುಡ್ಡದ ಕಡೆ ಹೋಗಿದ್ದೆವು. ಬಂಡೆಗಳ ನೆರಳಲ್ಲಿ ಕೂತಾಗ ಕೆಳಗೆ ಊರು, ಊರಿನಾಚೆ ಹೊಲಗಳು, ಎಲ್ಲದರ ಮೇಲೆ ತಿಳಿಹೊಗೆಯಂಥ ಧೂಳು. ಕ್ಲೇರ್ ಆಯಾಳೊಂದಿಗೆ ಕೆಳಗೇ ನಿಂತಿದ್ದಳು. ಈರಮ್ಮ ಕಾಲಿನಿಂದ ಕಲ್ಲು ಉರುಳಿಸುತ್ತ ಕೇಳಿದಳು:

“ನಾವಿಬ್ರ ಹೋಗಾಣ. ಆಕಿ ಯಾಕ?”

“ಆಕಿ ನಿಮ್ಮವ್ವ ಆಗ್ತಾಳವಾ.”

“ಅಮ್ಮಗೋಳು ಡ್ಯೂಟಿಗೆ ಬರ್ತಾರ. ಡ್ಯೂಟಿ ಮುಗದ್ರ ಹೋಗ್ತಾರ. ಪದ್ಮಮ್ಮ ಹೋದ್ಲು. ಶಾಂತಮ್ಮ ಹೋದ್ಲು. ತಾತ ಹಂಗ ಇರ್ಲಿಲ್ಲ. ಸಾಯೋತನಕ ಇದ್ದ.” ಇನ್ನೊಂದು ಕಲ್ಲು ಉರುಳಿಸಿ, “ಈಕಿ ಡ್ಯೂಟಿ ಎಷ್ಟ್ ದಿನ?” ಎಂದಳು.

ನನಗೆ ಉತ್ತರ ಗೊತ್ತಿತ್ತು. ಆದರೆ ಹಾಗಲ್ಲ ಎಂದು ಹೇಳಿದ ಮಾತು ನನ್ನ ಕಿವಿಗೇ ಹಗುರವಾಗಿ ಕೇಳಿಸಿತು. ಅವಳು ಕಂಡ ಮನೆಯೆಂದರೆ ಒಬ್ಬ ಮುದುಕ, ಒಬ್ಬ ಹುಡುಗಿ. ಅದರಲ್ಲಿ ಹೆಂಗಸಿಗೆ ಜಾಗವೇ ಇರಲಿಲ್ಲ. ಆ ಮುದುಕನ ಜಾಗದಲ್ಲಿ ನನ್ನನ್ನು ಕೂರಿಸಿಕೊಂಡು ಅವಳು ಹೊರಡಲು ಸಿದ್ಧಳಾಗಿದ್ದಳು.

ಸಂಜೆ ಲಾಡ್ಜಿನ ಮಾಳಿಗೆಯ ಮೇಲೆ ಎಲ್ಲವನ್ನೂ ಕ್ಲೇರಳಿಗೆ ಹೇಳಿದೆ. ಎಲ್ಲರೂ ಅಮ್ಮಂದಿರೇ ಎಂಬುದನ್ನೂ. ಅವಳು ಮಾಳಿಗೆಯ ಅಂಚಿನ ಗೋಡೆಗೆ ಒರಗಿದಳು. ಕೆಳಗೆ ಬಸ್ಸುಗಳು ಮಂತ್ರಾಲಯ, ಎಮ್ಮಿಗನೂರು, ಆಲೂರು ಎಂದು ಕೂಗಿಸಿಕೊಂಡು ಹೊರಡುತ್ತಿದ್ದವು.

“ತನ್ನೂರಿಗೆ ಹೋಗದ ಬಸ್ಸನ್ನು ನೋಡಿದ ಹಾಗೆ ನನ್ನನ್ನು ನೋಡುತ್ತಾಳೆ. ನನಗೆ ಗೊತ್ತಾಗಿತ್ತು,” ಎಂದಳು. “ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಇಲ್ಲಿಯವರೆಗೆ ಅವಳಿಗೆ ಸಿಕ್ಕವರೆಲ್ಲ ಹಾಗೇ ಹೋಗಿದ್ದಾರೆ.”

“ಕರ್ನೂಲಿನಲ್ಲಿ ಅವಳು ಏನು ಹೇಳುತ್ತಾಳೋ.”

“ಏನು ಹೇಳಿದರೂ ಅದು ಅವಳದೇ ಮಾತಾಗಿರಲಿ. ನೀನು ಹೇಳಿಕೊಡಬೇಡ.”

ಆ ಮಾತನ್ನು ಅವಳು ಮತ್ತೆ ಬದಲಿಸಲಿಲ್ಲ.

ಹೊರಡುವ ಮುನ್ನ ತನ್ನ ಹಳ್ಳಿಯನ್ನೊಮ್ಮೆ ನೋಡಬೇಕೆಂದು ಈರಮ್ಮ ಮೊದಲಿಂದಲೂ ಕೇಳುತ್ತಿದ್ದಳು. ಕರ್ನೂಲಿಗೆ ಹೋಗುವ ಹಿಂದಿನ ದಿನ ಸರೋಜಾ ಮೇಡಂ ತಾವೇ ಜೊತೆಗೆ ಬರಲು ಒಪ್ಪಿದರು. ಬಾಡಿಗೆಯ ಕಾರು ಮಾಡಿದೆವು. ಆದವಾನಿಯಿಂದ ಎಮ್ಮಿಗನೂರು ಸುಮಾರು ಮೂವತ್ತು ಕಿಲೋಮೀಟರು, ಅಲ್ಲಿಂದ ಗೋನೆಗಂಡ್ಲ ಅದರ ಅರ್ಧ. ಎಮ್ಮಿಗನೂರಿನ ಓಣಿಯೊಂದರಲ್ಲಿ ಚಹಾಕ್ಕೆ ನಿಂತಾಗ ಮನೆಗಳ ಒಳಗಿನಿಂದ ಮಗ್ಗದ ಸದ್ದು ಕೇಳುತ್ತಿತ್ತು. ಊರು ದಾಟಿದ ಮೇಲೆ ಕಪ್ಪು ನೆಲ, ಬಿಡಿಸಿ ಉಳಿದ ಹತ್ತಿಗಿಡಗಳು, ಕಣದಲ್ಲಿ ಒಣಗಲು ಹರಡಿದ ಕೆಂಪು ಮೆಣಸಿನಕಾಯಿ. ಗಾಜು ಏರಿಸಿದರೂ ಘಾಟು ಒಳಗೆ ಬರುತ್ತಿತ್ತು. ಬಿಸಿಲು ಹಿತವಾಗಿತ್ತು. ಎಲ್ಲರಿಗೂ ಸಣ್ಣ ಜೋಂಪು ಹತ್ತಿ, ಎಚ್ಚರವಾದಾಗ ಕಾರು ಗಾಡಿದಾರಿಯೊಂದರಲ್ಲಿ ತೂಗಾಡುತ್ತ ಹೋಗುತ್ತಿತ್ತು. ಈರಮ್ಮ ಮಾತ್ರ ನೆಟ್ಟಗೆ ಕೂತು ಕಿಟಕಿಗೆ ಹಣೆ ಒತ್ತಿದ್ದಳು.

ಅವಳ ಮನೆ ಈಗ ಯಾರದೋ ಮೇವಿನ ಕೋಣೆ. ಬಾಗಿಲಲ್ಲಿ ತಲೆ ಹಾಕಿ ನೋಡಿ, “ಸಣ್ಣದಾಗೈತಿ,” ಎಂದಳು. ಪಕ್ಕದ ಮನೆಯ ತಿಮ್ಮವ್ವ ಓಡಿಬಂದು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳು ಮುರಿದು ದೃಷ್ಟಿ ತೆಗೆದಳು. ಮುದುಕಿಗೆ ಎಪ್ಪತ್ತರ ಮೇಲಾಗಿರಬೇಕು. “ಎಷ್ಟ್ ಉದ್ದ ಆಗೀಯೇ,” ಎನ್ನುತ್ತ ಅತ್ತಳು. ಈರಮ್ಮ ಅಳಲಿಲ್ಲ. “ನಮ್ಮ ಕುರಿ ಎಲ್ಲಿ ಅದಾವು?” ಎಂದಳು.

ತಾತನ ಕುರಿಗಳಲ್ಲಿ ಕೆಲವು ತಿಮ್ಮವ್ವನ ಮಗನ ಹಿಂಡಿನಲ್ಲಿದ್ದವು. ಊರ ಹೊರಗೆ ಹತ್ತಿ ಬಿಡಿಸಿದ ಹೊಲದಲ್ಲಿ ಹಿಂಡು ಮೇಯುತ್ತಿತ್ತು. ಹುಡುಗಿ ಅತ್ತ ಓಡಿದಳು. ಕ್ಲೇರ್ ನನ್ನ ಕಡೆ ನೋಡಿ, ಏನೋ ನಿರ್ಧರಿಸಿದವಳಂತೆ, ಅವಳ ಹಿಂದೆ ನಡೆದಳು. ನಾನೂ ಎದ್ದೆ. ತಿಮ್ಮವ್ವ ನನ್ನ ಅಂಗಿಯ ತೋಳು ಹಿಡಿದಳು.

“ಕುಂದ್ರಪ್ಪ. ನಿನ್ನ ಕರದ್ರೇನು?”

ನಾನು ಕೂತೆ. ಕೈಗೆ ಮಜ್ಜಿಗೆಯ ಲೋಟ ಬಂತು. ಮುಂದಿನದೆಲ್ಲ ನಾನು ಬೇವಿನ ಮರದ ಕೆಳಗಿನಿಂದ ಕಂಡದ್ದು. ಮಾತು ಕೇಳಿಸದಷ್ಟು ದೂರ, ನಡುವೆ ಬಿಸಿಲ ಝಳ. ಹಿಂಡೆಬ್ಬಿಸಿದ ಧೂಳಿನಲ್ಲಿ ಅವರಿಬ್ಬರೂ ಕನಸಿನಲ್ಲಿ ಕಂಡವರ ಹಾಗೆ ಒಮ್ಮೆ ಮೂಡಿ ಒಮ್ಮೆ ಮಸುಕಾಗುತ್ತಿದ್ದರು.

ಒಂದು ಕುರಿ ಕುಂಟುತ್ತಿತ್ತು. ಕ್ಲೇರ್ ಅದರ ಹಿಂದಿನಿಂದ ನಿಧಾನವಾಗಿ ಹೋಗಿ, ಗದ್ದದ ಕೆಳಗೊಂದು ಕೈ, ತೊಡೆಯ ಮೇಲೊಂದು ಕೈ ಇಟ್ಟು ಒಂದೇ ತಿರುವಿಗೆ ಅದನ್ನು ಕೂರಿಸಿಬಿಟ್ಟಳು. ಕುರಿ ಅವಳ ಮೊಣಕಾಲಿಗೆ ಬೆನ್ನು ಕೊಟ್ಟು, ಮುದುಕರು ಕಟ್ಟೆಯ ಮೇಲೆ ಕೂತಂತೆ ಕೂತಿತು. ಕ್ಲೇರ್ ಹುಟ್ಟಿದ್ದೇ ಕುರಿ ಸಾಕುವ ಮನೆಯಲ್ಲಿ. ಮಳೆ ನಿಲ್ಲದ ಗುಡ್ಡದ ಮೇಲೆ ಅವಳಪ್ಪ ಇಂದಿಗೂ ಕುರಿ ಸಾಕುತ್ತಾನೆ. ಇಷ್ಟು ತಿಂಗಳ ವಿಡಿಯೋ ಮಾತಿನಲ್ಲಿ ನಾವು ಈರಮ್ಮನಿಗೆ ಅಡುಗೆಮನೆ ತೋರಿಸಿದ್ದೆವು, ಸಮುದ್ರ ತೋರಿಸಿದ್ದೆವು. ಕುರಿಯನ್ನು ತೋರಿಸಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಈರಮ್ಮ ದೂರದಲ್ಲೇ ನಿಂತು ನೋಡಿದಳು. ಆಮೇಲೆ ಹತ್ತಿರ ಹೋದಳು. ಕ್ಲೇರ್ ಗೊರಸನ್ನು ಎತ್ತಿ ಹಿಡಿದಾಗ, ಯಾರೂ ಹೇಳದೆ, ಅವಳು ಮಣ್ಣಲ್ಲಿ ಕುಕ್ಕುರುಗಾಲಲ್ಲಿ ಕೂತು ಕುರಿಯ ಉಳಿದ ಕಾಲುಗಳನ್ನು ಒತ್ತಿ ಹಿಡಿದಳು. ತಲೆಗಳೆರಡೂ ಒಂದೇ ಕಡೆ ಬಾಗಿದವು. ಜಾಲಿಮುಳ್ಳು ಹೊರಬಂದಿರಬೇಕು, ಕ್ಲೇರ್ ಅದನ್ನು ಬೆಳಕಿಗೆ ಹಿಡಿದಳು, ಹುಡುಗಿ ತನ್ನ ಅಂಗೈಯಲ್ಲಿ ಇಸಿದುಕೊಂಡು ನೋಡಿದಳು. ಬಿಟ್ಟ ಕುರಿ ಹಿಂಡಿನೊಳಗೆ ಓಡಿತು. ಆಗ ಕ್ಲೇರ್ ಬಾಯಿಗೆ ಕೈ ಅಡ್ಡವಿಟ್ಟು ಕೂಗಿದಳು, ತನ್ನಪ್ಪ ಕರೆಯುವ ಹಾಗೆ. ಒಂದು ಕುರಿಯೂ ತಲೆ ಎತ್ತಲಿಲ್ಲ. ಈರಮ್ಮ ನಾಲಿಗೆ ಹೊರಳಿಸಿ “ಟ್ರ್ರ್ರ್‌ಹೋ” ಎಂದಳು. ಅದು ನನ್ನವರೆಗೂ ಕೇಳಿಸಿತು. ಇಡೀ ಹಿಂಡು ಮುಖ ತಿರುಗಿಸಿತು. ಅವಳು ನಕ್ಕಳು. ಸೊಂಟ ಬಾಗಿಸಿ, ಮೊಣಕಾಲಿಗೆ ಕೈ ಊರಿ ನಕ್ಕಳು. ಕ್ಲೇರ್ ಮತ್ತೆ ತನ್ನದೇ ಕೂಗು ಹಾಕಿದಳು. ಮತ್ತೆ ನಗು.

“ಆತ್ ಬಿಡಪ್ಪ, ಗಂಟಲ ಬಿಚ್ಚಿತು,” ಎಂದಳು ತಿಮ್ಮವ್ವ. “ಆ ಮುದುಕ ಸತ್ತ ಮ್ಯಾಲೆ, ಊರು ಬಿಡೋತನಕ ಇದು ನಕ್ಕಿದ್ದಿಲ್ಲ.”

ಅವರಿಬ್ಬರೂ ಮರಳಿ ಬಂದಾಗ ಫ್ರಾಕಿನ ತುಂಬ ಮಣ್ಣು, ಕ್ಲೇರಳ ಕೈಗೆಲ್ಲ ಕುರಿಯ ವಾಸನೆ. ಏನು ಮಾತಾಡಿದಿರೆಂದು ಹುಡುಗಿಯನ್ನು ಕೇಳಿದೆ. “ಏನಿಲ್ಲ. ಆಕಿಗೆ ಕುರಿ ಹಿಡಿಯಾಕ ಬರತೈತಿ. ಕರಿಯಾಕ ಬರಂಗಿಲ್ಲ,” ಎಂದಳು. ತಿಮ್ಮವ್ವ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಈರಮ್ಮ ಕ್ಲೇರಳ ತಟ್ಟೆಯ ರೊಟ್ಟಿಯನ್ನು ಎಳೆದು ತಾನೇ ಮುರಿದು ಕೊಟ್ಟಳು. ಹೇಗೆ ತಿನ್ನಬೇಕೆಂದು ಕಣ್ಣಲ್ಲೇ ಹೇಳಿಕೊಟ್ಟಳು.

ಮರಳುವ ದಾರಿಯಲ್ಲಿ ಗೋನೆಗಂಡ್ಲ ದಾಟುವಷ್ಟರಲ್ಲಿ ಹುಡುಗಿಯ ಮುಖ ಬಿಳಿಚಿತು. ಕಾರು ನಿಲ್ಲಿಸುವ ಮೊದಲೇ ಕ್ಲೇರಳ ಮಡಿಲಿಗೆ ವಾಂತಿ ಮಾಡಿಕೊಂಡಳು. ಮಾಡಿಕೊಂಡು ಹೆದರಿ, ಬೈಗುಳಕ್ಕೆ ಕಾಯುವವಳಂತೆ ಮುದುಡಿ ಬಾಗಿಲಿಗೆ ಅಂಟಿಕೊಂಡಳು. ಕ್ಲೇರ್ ರಸ್ತೆಬದಿಯಲ್ಲಿ ಅವಳ ಬಾಯಿ ತೊಳೆಸಿ, ಹಣೆ ಒರೆಸಿ, ತನ್ನ ಬಟ್ಟೆಯನ್ನು ಆಮೇಲೆ ಒರೆಸಿಕೊಂಡಳು. ಶಾಲೆಯ ಬಸ್ಸಿನಲ್ಲಿ ಇದು ಅವಳಿಗೆ ಹೊಸತಲ್ಲ. ಆದರೆ ಅವಳ ತುಟಿ ಬಿಗಿದಿತ್ತು. ಅಳು ಬಂದರೆ ಹುಡುಗಿ ತಪ್ಪು ತಿಳಿದಾಳೆಂದು ತಡೆದುಕೊಂಡಿದ್ದಳು.

ಕಾರು ಹೊರಟ ಮೇಲೆ ಈರಮ್ಮ ನನ್ನ ಕಡೆ ನೋಡಲಿಲ್ಲ. ಕ್ಲೇರಳ ತೋಳನ್ನು ಬೆರಳಿನಿಂದ ಒತ್ತಿ ಕೇಳಿದಳು.

“ಯೂ ಡ್ಯೂಟಿ?”

ನಾನು ಬಾಯಿ ತೆರೆದೆ. ಮುಂದಿನ ಸೀಟಿನಿಂದ ಸರೋಜಾ ಮೇಡಂ ತಿರುಗಿ ಸುಮ್ಮನಿರುವಂತೆ ಕೈ ಮಾಡಿದರು.

“ನೋ ಡ್ಯೂಟಿ,” ಎಂದಳು ಕ್ಲೇರ್.

“ಸಂಡೇ?”

“ಸಂಡೇ, ಮಂಡೇ, ಆಲ್ ಡೇ. ನೋ ಡ್ಯೂಟಿ.” ತನ್ನ ಎದೆಯ ಮೇಲೆ ಕೈ ಇಟ್ಟು, ಆಮೇಲೆ ಹುಡುಗಿಯ ತಲೆಯ ಮೇಲೆ ಇಟ್ಟಳು.

ಈರಮ್ಮ ಅದನ್ನು ಯೋಚಿಸುತ್ತ ಕೂತಳು. ಎಮ್ಮಿಗನೂರು ಬಂತು, ಹೋಯಿತು. ಸಂಜೆಯ ಬಿಸಿಲು ಹತ್ತಿಹೊಲಗಳ ಮೇಲೆ ಮಲಗಿತ್ತು. ಯಾವಾಗ ನಿದ್ದೆ ಹೋದಳೋ, ತಲೆ ಜಾರಿ ಕ್ಲೇರಳ ಭುಜಕ್ಕೆ ಬಂತು. ಆದವಾನಿ ತಲುಪುವವರೆಗೆ ಕ್ಲೇರ್ ಕೂತ ಭಂಗಿ ಬದಲಿಸಲಿಲ್ಲ.

ಕರ್ನೂಲು ಆದವಾನಿಯಿಂದ ನೂರು ಕಿಲೋಮೀಟರಿನಷ್ಟು. ಬೆಳಿಗ್ಗೆ ಬೇಗ ಹೊರಟೆವು. ಕಚೇರಿಯ ವರಾಂಡದಲ್ಲಿ ಬೆಂಚಿನ ಮೇಲೆ ಮೂವರೂ ಕೂತು ಕಾದೆವು. ಈರಮ್ಮ ನಡುವೆ ಕೂತು ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ರಾತ್ರಿ ಮಕ್ಕಳ ಮನೆಯಲ್ಲಿ ಅವಳು ಏನು ಯೋಚಿಸಿದಳೋ, ಹಗಲಾದ ಮೇಲೆ ನಿನ್ನೆಯದೆಲ್ಲ ಕರಗಿಹೋಯಿತೋ, ನನಗೆ ತಿಳಿಯಲಿಲ್ಲ. ಒಳಗೆ ಕರೆದಾಗ ಅಧಿಕಾರಿಣಿಯೊಬ್ಬರು ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ತೆಲುಗಿನಲ್ಲಿ, ಯಾರ ಜೊತೆ ಹೋಗುತ್ತೀಯಮ್ಮಾ ಎಂದು ಕೇಳಿದರು.

ಅವಳು ತಿರುಗುವ ಫ್ಯಾನನ್ನು ನೋಡಿದಳು. ಅಧಿಕಾರಿಣಿ ಅವಸರ ಮಾಡಲಿಲ್ಲ. ನಾನು ನೆಲ ನೋಡುತ್ತಿದ್ದೆ. ಕ್ಲೇರಳಿಗೆ ಪ್ರಶ್ನೆಯೂ ಅರ್ಥವಾಗಿರಲಿಲ್ಲ.

“ಇದ್ದರಿತೋ ಪೋತಾನು,” ಎಂದಳು ಈರಮ್ಮ. ಇಬ್ಬರ ಜೊತೆಗೂ ಹೋಗುತ್ತೇನೆ.

ಅಧಿಕಾರಿಣಿ ಬೇರೆ ಬೇರೆ ರೀತಿಯಲ್ಲಿ ಮತ್ತೆ ಕೇಳಿದರು. ಉತ್ತರ ಅದೇ. ಕೊನೆಗೆ ಹುಡುಗಿಯೇ ಒಂದು ಪ್ರಶ್ನೆ ಕೇಳಿದಳು: ತಿಮ್ಮವ್ವನನ್ನು ನೋಡಲು ಬರಬಹುದೇ? ಅವರು ನಮ್ಮತ್ತ ನೋಡಿದರು. ಬರುತ್ತೇವೆ ಎಂದೆ. ಹೊರಗೆ ಬಂದ ಮೇಲೆ ಕ್ಲೇರಳಿಗೆ ಆ ಎರಡು ಶಬ್ದಗಳ ಅರ್ಥ ಹೇಳಿದೆ. ಅವಳು ವರಾಂಡದ ಕಂಬಕ್ಕೆ ಒರಗಿ ಬಿಕ್ಕಿಬಿಕ್ಕಿ ಅತ್ತಳು. ಈರಮ್ಮ ಗಾಬರಿಯಾಗಿ, “ಯಾಕ ಅಳ್ತಾಳ? ಹ್ಞೂಂ ಅಂದೀನಲ್ಲ,” ಎಂದಳು.

ದತ್ತಿನ ಆದೇಶ ಕೈಗೆ ಬಂದು, ಪಾಸ್‌ಪೋರ್ಟಿನ ಕೆಲಸ ಮುಗಿಯುವಷ್ಟರಲ್ಲಿ ಚಳಿ ಹೋಗಿ ಬಿಸಿಲು ಚುರುಕಾಗಿತ್ತು. ಆ ವಾರಗಳಲ್ಲಿ ಅವಳು ನಮ್ಮ ಜೊತೆಗೇ ಇದ್ದಳು. ಎಲ್ಲ ದಿನವೂ ಸುಖವಾಗಿರಲಿಲ್ಲ. ಕಾರಣವಿಲ್ಲದೆ ಮುನಿಸಿಕೊಂಡು ಊಟ ಬಿಡುತ್ತಿದ್ದಳು. ಒಮ್ಮೆ ಕ್ಲೇರ್ ಜಡೆ ಹಾಕಲು ಹೋದಾಗ ಕೈ ಕೊಡವಿ, ಎಂದೋ ಕೆಲಸ ಬಿಟ್ಟುಹೋದ ಪದ್ಮಮ್ಮನೇ ಹಾಕಬೇಕೆಂದು ಹಟ ಮಾಡಿದಳು. ಮರುದಿನ ತಾನೇ ಬಾಚಣಿಗೆ ತಂದು ಕ್ಲೇರಳ ಮುಂದೆ ಬೆನ್ನು ತಿರುಗಿಸಿ ಕೂತಳು.

ನಾವು ಆದವಾನಿ ಬಿಟ್ಟಿದ್ದು ಮಧ್ಯಾಹ್ನದ ರೈಲಿಗೆ. ಸರೋಜಾ ಮೇಡಂ ಪ್ಲಾಟ್‌ಫಾರ್ಮಿನ ತನಕ ಬಂದು, ಖಾರದ ಶೇಂಗಾದ ಪೊಟ್ಟಣ ಕೊಟ್ಟು ಹೋದರು. ಎದುರಿನ ಸೀಟಿನಲ್ಲಿ ಗುಂತಕಲ್ಲಿಗೆ ಹೊರಟ ಹೆಂಗಸೊಬ್ಬಳು ಕೂತಿದ್ದಳು. ಮದ್ದಿಕೇರ ತನ್ನ ತವರೆಂದು ಹೇಳಿಕೊಂಡಳು. ಕ್ಲೇರಳನ್ನೂ ಅವಳ ತೋಳಿಗೆ ಒರಗಿದ್ದ ಹುಡುಗಿಯನ್ನೂ ಬಹಳ ಹೊತ್ತು ನೋಡಿ, ತಡೆಯಲಾರದೆ ಕೇಳಿದಳು.

“ಯಾರವಾ ಆಕಿ?”

“ನಮ್ಮಾಕಿ,” ಎಂದಳು ಈರಮ್ಮ.

“ಹೋಲಿಕಿ ಒಂಚೂರೂ ಇಲ್ಲಲ್ಲ?”

ಈರಮ್ಮ ಕ್ಲೇರಳ ಮುಖವನ್ನು ತಿರುಗಿ ನೋಡಿದಳು. ಹಣೆ, ಮೂಗು, ಬಿಸಿಲಿಗೆ ಸುಲಿದ ಕೆನ್ನೆ, ಎಲ್ಲವನ್ನೂ ನಿಧಾನವಾಗಿ ನೋಡಿದಳು.

“ಈಗಿನ್ನ ಕೂಡೀವಿ,” ಎಂದಳು. “ಬರತೈತಿ ಬಿಡ್ರಿ.”

ಹುಡುಗಿ ಏನೆಂದಳೆಂದು ಕ್ಲೇರ್ ನನ್ನನ್ನು ಕೇಳಲಿಲ್ಲ. ಹೊರಗೆ ಆದವಾನಿಯ ಗುಡ್ಡಗಳು ಬಿಸಿಲ ಮಬ್ಬಿನಲ್ಲಿ ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ತಿರುಗಿ ನೋಡುತ್ತಿದ್ದವನು ನಾನೊಬ್ಬನೇ. ಅವರಿಬ್ಬರೂ ಶೇಂಗಾದ ಪೊಟ್ಟಣ ಬಿಚ್ಚುವುದರಲ್ಲಿದ್ದರು.